ಬೆನ್ನ ಮೇಲಿನ ಹೆಸರು

ಸೇಂಟ್ ಒಡಿಲ್, ಲೂಯಿಸಿಯಾನ
ಆಗಸ್ಟ್ 30, 1987

ಡೆಲ್ಫಿನ್,

ಇವತ್ತು ಬೆಳಿಗ್ಗೆ ಪ್ರುಡೋನ ಅಂಗಡಿಯ ಮುಂದೆ ನಿಲ್ಲಿಸಿರುವ ನಿನ್ನ ಆಳೆತ್ತರದ ರಟ್ಟಿನ ಚಿತ್ರದ ಕೈಗೆ ಯಾರೋ ಒದ್ದೆ ಛತ್ರಿ ನೇತುಹಾಕಿದ್ದರು. ನೀರು ತೊಟ್ಟಿಕ್ಕಿ ತೊಟ್ಟಿಕ್ಕಿ ನಿನ್ನ ಬಲ ಮೊಣಕಾಲು ಉಬ್ಬಿಕೊಂಡಿತ್ತು. ನೀನು ಮಾತ್ರ ಸೋಡಾ ಡಬ್ಬಿ ಹಿಡಿದು ನಗುತ್ತಲೇ ಇದ್ದೆ. ಚರ್ಚಿಗೆ ಹೋಗುವ ದಾರಿಯಲ್ಲಿ ನಾನು ಆ ಛತ್ರಿಯನ್ನು ತೆಗೆದಿಡಬಹುದಿತ್ತು. ತೆಗೆಯಲಿಲ್ಲ. ವಾಪಸ್ ಬರುವಾಗಲೂ ತೆಗೆಯಲಿಲ್ಲ.

ನಮ್ಮ ಹುಟ್ಟುಹಬ್ಬಕ್ಕೆ ನೀನು ಫೋನಿನಲ್ಲಿ ಕೇಳಿದ್ದು ಬರೀ ಹಾಡು. ಕೇಕನ್ನು ನೀನು ನೋಡಲಿಲ್ಲ. ಅಮ್ಮ ಅದರ ಮೇಲೆ ಸಕ್ಕರೆಯಲ್ಲಿ ಬರೆದದ್ದು ಐವತ್ತಾರು. ನಿನ್ನ ಅಂಗಿಯ ನಂಬರು. ಹೊಸ ಪಾದ್ರಿ ಅದನ್ನು ನೋಡಿ, "ಐವತ್ತಾರು ಯಾರಿಗಮ್ಮಾ ತುಂಬಿದ್ದು?" ಎಂದು ಕೇಳಿ ನನ್ನ ಕಡೆ ತಿರುಗಿದರು. ಎಲ್ಲರೂ ನಕ್ಕರು. ಮೇಣದಬತ್ತಿಗಳನ್ನು ಆರಿಸಿದ್ದು ನಾನು.

ಗ್ರಂಥಾಲಯದಲ್ಲಿ ನನ್ನ ಕೆಲಸ ಖಾಯಂ ಆಯಿತು. ಮೊನ್ನೆ ಅಲ್ಲಿಗೆ ಬಂದ ಹೆಂಗಸೊಬ್ಬರು ನನ್ನ ಎದೆಯ ಮೇಲಿನ ಹೆಸರಿನ ಬಿಲ್ಲೆ ಓದಿ, "ಬಟೀಸ್ಟ್? ಡೆಲ್ಫಿನ್‌ಗೆ ಏನಾಗಬೇಕು?" ಎಂದರು. "ಅವನ ಅವಳಿ" ಎಂದೆ. ಅವರು ನನ್ನ ಭುಜಗಳನ್ನು ಒಮ್ಮೆ, ತೋಳುಗಳನ್ನು ಒಮ್ಮೆ ನೋಡಿ, "ಹೌದಾ" ಎಂದರು. ಅವರು ಎತ್ತಿಕೊಂಡು ಬಂದಿದ್ದ ಕಾದಂಬರಿ ನನಗೆ ಬಹಳ ಇಷ್ಟವಾದದ್ದು. ಅದರ ಬಗ್ಗೆ ಎರಡು ಮಾತಾಡಬೇಕೆಂದಿದ್ದೆ. ಮುದ್ರೆ ಒತ್ತಿ ಕೊಟ್ಟೆ.

ಅಣ್ಣ ಮಂಗಳವಾರ ವಾಪಸ್ ಬಂದ. ಯಾವ ಊರಿನ ತಂಡ ಎಂದು ಕೇಳಬೇಡ, ಅವನೂ ಹೇಳುತ್ತಿಲ್ಲ. ಮೂರನೇ ವರ್ಷ, ಮೂರನೇ ಆಯ್ಕೆ ಶಿಬಿರ, ಮೂರನೇ ಸಲ ಕೊನೆಯ ವಾರದಲ್ಲಿ ಹೆಸರು ಹೊಡೆದುಹಾಕಿದರು. ಚೀಲ ಇಳಿಸಿದವನನ್ನು ಅಮ್ಮ "ಊಟ ಆಯ್ತಾ?" ಎಂದು ಕೇಳಿದಳು, ಅಷ್ಟೇ. ಮರುದಿನದಿಂದ ಅವನು ಮತ್ತೆ ಕಬ್ಬಿನ ಲಾರಿ ರಿಪೇರಿಗೆ ಹೋಗುತ್ತಿದ್ದಾನೆ. ಶುಕ್ರವಾರ ನಿನ್ನ ಫುಟ್‌ಬಾಲ್ ಆಟ ಟಿವಿಯಲ್ಲಿ ಬಂತು. ನೀನು ಎದುರಾಳಿಯ ಮೊಣಕೈಯನ್ನು ಎಡಗೈಯಿಂದ ತಟ್ಟಿ, ಬಲ ಭುಜ ತಗ್ಗಿಸಿ, ಅವನ ಕಂಕುಳ ಕೆಳಗಿಂದ ನುಸುಳಿ ಹೋಗಿ ಚೆಂಡು ಎಸೆಯುವವನನ್ನು ಕೆಡವಿದೆಯಲ್ಲ, ಆಗ ಟಿವಿಯವನು ಹೇಳಿದ: "ಇದನ್ನು ಯಾರೂ ಕಲಿಸಲಾರರು ಸ್ವಾಮಿ. ಇದು ಹುಟ್ಟಿನಿಂದಲೇ ಬರಬೇಕು." ಅಣ್ಣ ಎದ್ದು ಹೋಗಿ ಒಲೆಯ ಮೇಲಿನ ಕೆಂಪು ಬೀನ್ಸ್ ತಿರುವಿದ. ಬೀನ್ಸ್ ತಿರುವುವ ಅಗತ್ಯವಿರಲಿಲ್ಲ.

ಹಿತ್ತಿಲಿನ ಪೀಕನ್ ಮರಕ್ಕೆ ಅವನು ಹಳೆಯ ಹಾಸಿಗೆ ಕಟ್ಟಿ ನಿನಗೆ ಅದೇ ಪಟ್ಟನ್ನು ಕಲಿಸುತ್ತಿದ್ದಾಗ ನಾನು ಮೆಟ್ಟಿಲ ಮೇಲೆ ಪುಸ್ತಕ ಹಿಡಿದು ಕೂತಿರುತ್ತಿದ್ದೆ. ನೀವಿಬ್ಬರೂ ನಾನು ಓದುತ್ತಿದ್ದೇನೆ ಅಂದುಕೊಂಡಿದ್ದಿರಿ.

ನಿನಗಿಂತ ಹತ್ತು ನಿಮಿಷ ದೊಡ್ಡವಳು,
ಜೋಸೆಟ್


ಟೊಲೀಡೊ, ಒಹಾಯೊ
ಸೆಪ್ಟೆಂಬರ್ 13

ಜೋ,

ನಿನ್ನ ಪತ್ರ ಓದಿ ಬಿದ್ದುಬಿದ್ದು ನಕ್ಕೆ. ನನ್ನ ಬಲ ಮೊಣಕಾಲು ನಿಜವಾಗಿಯೂ ಉಬ್ಬಿದೆ ಕಣೇ. ಆ ರಟ್ಟಿಗೆ ಹೇಗೆ ಗೊತ್ತಾಯಿತು? ಅಮ್ಮನಿಗೆ ಹೇಳಬೇಡ.

ಇವತ್ತು ಗೆದ್ದೆವು. ಎಸೆಯುವವನನ್ನು ಎರಡು ಸಲ ಕೆಡವಿದ್ದರಲ್ಲಿ ಒಂದೂವರೆ ನನ್ನ ಲೆಕ್ಕಕ್ಕೆ ಬಂತು, ಇನ್ನರ್ಧ ನನ್ನ ಜೊತೆ ಕೆಡವಿದ ಹಲ್ವೋರ್ಸನ್ನದು. ಅವನ ಬಗ್ಗೆ ನಿನಗೆ ಹೇಳಿದ್ದೆನಲ್ಲ, ಮಿನೆಸೋಟಾದ ಬೆಟ್ಟದಂಥ ಮನುಷ್ಯ, ಹನ್ನೊಂದು ವರ್ಷದಿಂದ ಆಡುತ್ತಿದ್ದಾನೆ. ಆಟ ಮುಗಿದ ಮೇಲೆ ಅವನ ಮಗಳು ಎತ್ತಿಕೋ ಅಂತ ಕೈ ಚಾಚಿದಳು. ಅವನು ಮಂಡಿಯೂರಿ ಕೂತುಬಿಟ್ಟ. ಭುಜ ಮೇಲಕ್ಕೆ ಏಳುವುದಿಲ್ಲ. ಮುಂದಿನ ವರ್ಷ ಅವನನ್ನು ಕೈಬಿಡುತ್ತಾರೆ, ಆ ಭುಜವನ್ನು ಅವನೊಬ್ಬನೇ ಮನೆಗೆ ಹೊತ್ತುಕೊಂಡು ಹೋಗಬೇಕು. ಆದ್ದರಿಂದಲೇ ನಾವು ಮುಷ್ಕರಕ್ಕೆ ಹೋಗುತ್ತೇವೆ. ಇನ್ನೊಂದು ಆಟ ಆಡಿ, ಆಮೇಲೆ ಹೊರಗೆ. ಪೇಪರಿನವರು ನಮ್ಮನ್ನು ದುರಾಸೆಯವರು ಅಂತ ಬರೆಯುತ್ತಾರೆ. ಅಮ್ಮ ಅದನ್ನೆಲ್ಲ ನಂಬದಂತೆ ನೋಡಿಕೋ.

ಇನ್ನೊಂದು ವಿಷಯ. ಕ್ಲಬ್ಬುಗಳು ಈಗಲೇ ಬದಲಿ ಆಳುಗಳನ್ನು ಗೊತ್ತುಮಾಡುತ್ತಿವೆ. ಶಿಬಿರದಿಂದ ಕಳಿಸಿದವರಿಗೆಲ್ಲ ಫೋನು ಹೋಗುತ್ತಿದೆಯಂತೆ. ಅಣ್ಣನಿಗೂ ಬರಬಹುದು. ಬಂದರೆ ಅವನಿಗೆ ಏನೂ ಹೇಳಿಕೊಡಬೇಕಾಗಿಲ್ಲ. ಅಪ್ಪನ ಮಗ ಅವನು.

ಆ ಟಿವಿಯವನ ಮಾತು ನಾನು ಕೇಳಿಲ್ಲ. ಅವರು ಏನೇನೋ ಹೇಳುತ್ತಿರುತ್ತಾರೆ, ಬಿಡು.

ನಿನ್ನ,
ಡೆಲ್


ಸೇಂಟ್ ಒಡಿಲ್
ಸೆಪ್ಟೆಂಬರ್ 27

ಡೆಲ್ಫಿನ್,

ಗುರುವಾರ ಫೋನ್ ಬಂತು. ಅಮ್ಮ ಮೇಜಿನ ಬಳಿ ಬೆಂಡೆಕಾಯಿ ಹೆಚ್ಚುತ್ತಿದ್ದಳು. ನಾನು ಹೆಚ್ಚಿದ್ದನ್ನು ಪಾತ್ರೆಗೆ ತುಂಬುತ್ತಿದ್ದೆ. ಅಣ್ಣ ಗೋಡೆಗೊರಗಿ ಬಹಳ ಹೊತ್ತು "ಸರಿ ಸರ್, ಸರಿ ಸರ್" ಎಂದು, ಫೋನ್ ಇಟ್ಟ.

"ಯಾರೋ ಅದು?" ಎಂದಳು ಅಮ್ಮ.

"ಟೊಲೀಡೊದವರು."

"ಅಯ್ಯೋ, ಡೆಲ್ಫಿನ್‌ಗೆ ಏನಾಯ್ತೋ?"

"ಅವನಿಗೇನೂ ಆಗಿಲ್ಲಮ್ಮ. ನನ್ನನ್ನ ಕೇಳಿದ್ದು."

"ನಿನ್ನನ್ನಾ?"

ಅವಳು ಬೇಕೆಂದು ಹಾಗೆ ಕೇಳಲಿಲ್ಲ. ನಿಜವಾಗಿ ಆಶ್ಚರ್ಯವಾಗಿ ಕೇಳಿದಳು. ಅದಕ್ಕೇ ಅದು ಅಷ್ಟು ಚುಚ್ಚಿತು. ಅಣ್ಣ ನಗಲು ನೋಡಿದ.

"ಹೂಂ, ನನ್ನನ್ನೇ. ಬಟೀಸ್ಟ್ ಅನ್ನೋ ಹೆಸರಿಗೆ ಆ ಊರಲ್ಲಿ ಚಪ್ಪಾಳೆ ಗ್ಯಾರಂಟಿ ಅಂತೆ. ಡೆಲ್ ಆಡೋ ಜಾಗದಲ್ಲೇ ಆಡಬೇಕಂತೆ."

ಆಗ ಅವಳಿಗೆ ಅರ್ಥವಾಯಿತು. ಚಾಕು ಕೆಳಗಿಟ್ಟಳು. "ಗೇಟು ದಾಟಿ ಹೋಗ್ತೀಯಾ?" ಎಂದಳು. ಅಷ್ಟೇ.

ಡೆಲ್, ಅಪ್ಪ ತೀರಿಹೋಗಿ ಒಂಬತ್ತು ವರ್ಷವಾಯಿತು, ಅವರ ಗೇಟು ಮಾತ್ರ ನಮ್ಮ ಮನೆಯಲ್ಲಿ ಹಾಗೇ ನಿಂತಿದೆ. ನಾವ್ಯಾರೂ ಹುಟ್ಟುವ ಮೊದಲು ಸಕ್ಕರೆ ಕಾರ್ಖಾನೆಯ ಹೊರಗೆ ಅವರು ಮುಷ್ಕರ ಹೂಡಿ ಮಳೆಯಲ್ಲಿ ನಿಂತಿದ್ದಾಗ ಪಕ್ಕದ ಮನೆಯ ಆಕ್ಟೇವ್ ಊಟದ ಡಬ್ಬಿ ಹಿಡಿದು ಒಳಗೆ ಹೋದರು. ಅವತ್ತಿನಿಂದ ಚರ್ಚಿನಲ್ಲಿ ನಾವು ಬಲಗಡೆಯ ಬೆಂಚು, ಅವರು ಎಡಗಡೆ. ಆಕ್ಟೇವ್‌ಗೆ ಈಗ ಕಣ್ಣು ಕಾಣುವುದಿಲ್ಲ. ಹಾಗಿದ್ದರೂ ಅಮ್ಮ ಪ್ರಸಾದಕ್ಕೆ ಅವರ ಹಿಂದೆ ಸಾಲಿನಲ್ಲಿ ನಿಲ್ಲುವುದಿಲ್ಲ.

ಸಂಜೆ ಅಣ್ಣ ಹಿತ್ತಿಲ ಮೆಟ್ಟಿಲಿಗೆ ಬಂದು ನನ್ನ ಪಕ್ಕ ಕೂತ.

"ಏನೇ ಪುಟ್ಟಿ, ಓದಿದವಳು ನೀನು. ಏನು ಮಾಡ್ಲಿ ಹೇಳು."

"ನಾನು ಓದಿದ್ರಲ್ಲಿ ಇದು ಇರಲಿಲ್ಲ ಅಣ್ಣ."

"ಹಾಗಾದ್ರೆ ಅಷ್ಟೊಂದು ಪುಸ್ತಕ ಯಾಕೆ ಹೊತ್ತೆ? ನನ್ನ ಲಾರಿನಾದ್ರೂ ಹತ್ತಬಹುದಿತ್ತು." ಪೀಕನ್ ಮರದ ಕಡೆ ನೋಡಿದ. "ಒಂದೇ ಒಂದು ಆಟ ಸಾಕು ಕಣೇ. ನಾನು ನಿಜಕ್ಕೂ ಚೆನ್ನಾಗಿ ಆಡ್ತಿದ್ನಾ, ಇಲ್ಲ ಮರಕ್ಕೆ ಕಟ್ಟಿದ ಹಾಸಿಗೆ ಮುಂದೆ ಮಾತ್ರ ಚೆನ್ನಾಗಿ ಆಡ್ತಿದ್ನಾ? ಅದೊಂದು ಗೊತ್ತಾಗ್ಬೇಕು. ಇಪ್ಪತ್ತೊಂಬತ್ತಾಯ್ತು. ಇನ್ಯಾವಾಗ ಗೊತ್ತಾಗೋದು?"

"ಹೋಗು" ಎಂದೆ.

ಇದು ನಿನಗೆ ಬೇರೆಯವರಿಂದ ತಿಳಿಯಬಾರದೆಂದು ಬರೆಯುತ್ತಿದ್ದೇನೆ. ಹೋಗು ಎಂದವಳು ನಾನು. ಅವನ ಮೇಲಿನ ಪ್ರೀತಿಯಿಂದ ಹಾಗೆ ಹೇಳಿದೆ ಎಂದು ಬರೆದರೆ ನೀನು ನಂಬುತ್ತೀಯ, ನಾನು ನಂಬುವುದಿಲ್ಲ. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿದ್ದವನು ನೀನು. ನಿನ್ನ ಜಾಗದಲ್ಲಿ ಇನ್ನೊಬ್ಬ ನಿಂತರೆ ನಿನ್ನ ಮುಖ ಹೇಗಾಗುತ್ತದೆ ಎಂದು ನೋಡುವ ಆಸೆ ನನ್ನ ಹೊಟ್ಟೆಯಲ್ಲಿತ್ತು. ಈಗಲೂ ಇದೆ.

ಅಣ್ಣ ನಿನ್ನೆ ಹೊರಟ. ಅಮ್ಮ ಬಾಗಿಲಿಗೆ ಬರಲಿಲ್ಲ.

ಜೋಸೆಟ್


ಟೊಲೀಡೊ
ಅಕ್ಟೋಬರ್ 5

ಪುಟ್ಟಿ,

ನನ್ನ ಕೈಬರಹವನ್ನು ಸಹಿಸಿಕೊಂಡು ಓದು. ಎರಡು ಬೆರಳಿಗೆ ಪಟ್ಟಿ ಸುತ್ತಿದ್ದಾರೆ.

ಮೊದಲು ತಮಾಷೆ ಕೇಳು. ನನ್ನ ಪಕ್ಕ ಆಡುವವನು ಜೈಲಿನ ಕಾವಲುಗಾರ. ಹಿಂದೆ ನಿಲ್ಲುವವನು ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಾನೆ. ಚೆಂಡು ಎಸೆಯುವ ನಮ್ಮ ಮಹಾರಾಯ ಹೋದ ವಾರದವರೆಗೆ ಹಾಸಿಗೆ ಮಾರುತ್ತಿದ್ದನಂತೆ. "ನಿನ್ನನ್ನ ನೋಡಿದ್ರೆ ನಿದ್ದೆ ಬರುತ್ತೆ, ನೀನು ಒಳ್ಳೆ ವ್ಯಾಪಾರಿ" ಅಂದೆ. ಬಟ್ಟೆ ಕೊಡುವ ಮುದುಕ ನನ್ನ ಹೆಸರು ಕೇಳಿ ಖುಷಿಯಾಗಿಬಿಟ್ಟ. "ಬಟೀಸ್ಟಾ? ಆ ಹೆಸರಿನ ಪಟ್ಟಿ ನಮ್ಮಲ್ಲಿ ಬೇಕಾದಷ್ಟಿದೆ ಮಾರಾಯ, ಒಂದು ಹೊಸ ಹೆಸರು ಕತ್ತರಿಸೋ ಕೆಲಸ ಉಳೀತು" ಅಂದ. ನಂಬರು ಮಾತ್ರ ಬೇರೆ ಕೊಟ್ಟ, ತೊಂಬತ್ತೊಂದು. ಬೆನ್ನ ಮೇಲೆ ಡೆಲ್‌ಗೆ ಅಂತ ಕತ್ತರಿಸಿಟ್ಟಿದ್ದ ಅಕ್ಷರಗಳು.

ನಮ್ಮನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಾರೆ. ಗೇಟಿನ ಹತ್ತಿರ ಮುಷ್ಕರದವರೆಲ್ಲ ನಿಂತಿದ್ದರು. ಬೈಗುಳ ಬರೆಯುವುದಿಲ್ಲ, ನೀನು ಗ್ರಂಥಾಲಯದವಳು. ಒಂದು ಮೊಟ್ಟೆ ಸರಿಯಾಗಿ ನನ್ನ ಕಿಟಕಿಗೆ ಬಿತ್ತು. ಹಳದಿ ಇಳಿದು ಗಾಜು ಸ್ವಲ್ಪ ತಿಳಿಯಾದಾಗ ಆಚೆ ಡೆಲ್ ನಿಂತಿದ್ದ. ಅವನೇ ಎಸೆದನೋ ಇಲ್ಲವೋ ಗೊತ್ತಿಲ್ಲ. ಕೈ ಖಾಲಿಯಿತ್ತು. ಒಬ್ಬರನ್ನೊಬ್ಬರು ನೋಡಿದೆವು. ಬಸ್ಸು ಮುಂದೆ ಹೋಯಿತು.

ಇನ್ನು ಆಟ. ಪುಟ್ಟಿ, ಎರಡು ಸಲ ಕೆಡವಿದೆ. ಎರಡು! ಎರಡನೆಯದಂತೂ ಹಿತ್ತಿಲಲ್ಲಿ ಆಡಿದ ಹಾಗೇ ಇತ್ತು. ನನ್ನೆದುರು ನಿಂತವನು ನೆಲಕ್ಕೆ ಕೈಯೂರಿದಾಗ ಅವನ ಬೆರಳ ತುದಿ ಬೆಳ್ಳಗಾಗಿರಲಿಲ್ಲ. ಭಾರ ಹಿಂದಕ್ಕಿತ್ತು. ಚೆಂಡು ಹಿಡಿದು ಓಡುವುದಿಲ್ಲ, ಎಸೆಯುತ್ತಾರೆ ಅಂತ ಗೊತ್ತಾಯಿತು. ಮೊಣಕೈ ತಟ್ಟಿದೆ, ಭುಜ ತಗ್ಗಿಸಿದೆ, ನೋಡಿದರೆ ಮುಂದೆ ಯಾರೂ ಇಲ್ಲ, ಆ ಎಸೆಯುವವನ ಬೆನ್ನು ಮಾತ್ರ. ಅಷ್ಟು ಖಾಲಿ ಜಾಗವನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ.

ಮೈದಾನದಲ್ಲಿ ಕಾಲುಭಾಗವೂ ಜನ ಇರಲಿಲ್ಲ. ಇದ್ದವರು ಎದ್ದು ನಿಂತು "ಡೆಲ್ಫಿನ್! ಡೆಲ್ಫಿನ್!" ಅಂತ ಕೂಗಿದರು.

ಅಮ್ಮ ಏನಂದಳು? ಏನಾದರೂ ಅಂದಳಾ?

ಅಣ್ಣ


ಟೊಲೀಡೊ
ಅಕ್ಟೋಬರ್ 6

ಜೋಸೆಟ್,

ಪೇಪರಿನ ತುಣುಕು ಇಟ್ಟಿದ್ದೇನೆ, ನೋಡು. ಎಸೆಯುವವನನ್ನು ಅಪ್ಪಿ ಕೆಳಗೆ ಉರುಳಿಸುತ್ತಿರುವ ಬೆನ್ನು, ಬೆನ್ನ ಮೇಲೆ ನಮ್ಮ ಹೆಸರು, ನಂಬರು ಅವನ ತೋಳಿನಡಿ ಮುಚ್ಚಿಹೋಗಿದೆ. ಕೆಳಗೆ ಏನು ಬರೆದಿದ್ದಾರೆ ಓದು: "ಮುಷ್ಕರ ಮುರಿದು ಮರಳಿದ ಡೆಲ್ಫಿನ್ ಬಟೀಸ್ಟ್."

ಸೋಮವಾರ ಬೆಳಿಗ್ಗೆ ಗೇಟಿಗೆ ಹೋದರೆ ಯಾರೂ ನನಗೆ ಕಾಫಿ ಕೊಡಲಿಲ್ಲ. ನನ್ನ ಕಾರಿನ ನಾಲ್ಕೂ ಟೈರು ಕೊಯ್ದಿದ್ದರು. ಹಲ್ವೋರ್ಸನ್ ಬಂದು, "ನಿನ್ನೆ ಎಲ್ಲಿದ್ದೆ ನೀನು?" ಅಂತ ಕೇಳಿದ. ನನ್ನ ಪಕ್ಕದಲ್ಲೇ ನಿಂತಿದ್ದವನು ಅವನು! ಆಟ ಶುರುವಾದಾಗ ನಾನು ಸ್ವಲ್ಪ ದೂರ ಹೋಗಿದ್ದೆ, ಅದಕ್ಕೆ ಕೇಳಿದ. "ಅದು ನಾನಲ್ಲ ಕಣೋ, ನಮ್ಮಣ್ಣ" ಅಂದೆ. ಅವನು ನನ್ನ ಮುಖ ನೋಡಿದ ರೀತಿಗೆ, ನಾನೇ ಅಂತ ಒಪ್ಪಿಕೊಂಡಿದ್ದರೆ ವಾಸಿಯಿತ್ತು ಅನಿಸಿತು.

ದೂರ ಹೋಗಿದ್ದು ಎಲ್ಲಿಗೆ ಗೊತ್ತಾ? ಬಡಗಿಯೊಬ್ಬ ತನ್ನ ವ್ಯಾನಿನಲ್ಲಿ ಆಟ ಕೇಳುತ್ತಿದ್ದ. ಅವನ ಕಿಟಕಿಯ ಪಕ್ಕ ನಿಂತೆ. ರೇಡಿಯೊದವನು ಬಾಯಿ ಬಿಡುವ ಮೊದಲೇ ಅಣ್ಣ ಯಾವ ಭುಜ ತಗ್ಗಿಸಿದ ಅಂತ ನನಗೆ ಗೊತ್ತಾಯಿತು. ಆಮೇಲೆ ಒಳಗಿನಿಂದ ಕೂಗು. ನನ್ನ ಹೆಸರು! ನಾನು ಗೋಡೆಯ ಹೊರಗೆ ನಿಂತು ಕೇಳುತ್ತಿದ್ದೇನೆ, ಒಳಗೆ ಇನ್ನೊಬ್ಬನಿಗೆ ನನ್ನ ಹೆಸರು ಕೂಗುತ್ತಿದ್ದಾರೆ. ಆ ಬಡಗಿ, "ಹುಡುಗ ಈ ವರ್ಷ ಇನ್ನೂ ಚುರುಕಾಗಿದ್ದಾನೆ" ಅಂದ.

ನಿನಗೆ ಬೇಕಾಗಿದ್ದು ನನ್ನ ಮುಖ ನೋಡುವುದಲ್ಲವೇ? ನೋಡಲಿಕ್ಕೆ ಚೆನ್ನಾಗಿರಲಿಲ್ಲ.

ನಾನು ಯಾರಿಗೂ ಹೇಳದ್ದನ್ನು ಹೇಳುತ್ತೇನೆ. ಪ್ರತಿ ಆಗಸ್ಟ್‌ನಲ್ಲಿ ಅಣ್ಣನನ್ನು ಶಿಬಿರದಿಂದ ಕಳಿಸಿದರು ಅಂತ ನೀನು ಬರೆದಾಗಲೆಲ್ಲ ನನಗೆ ಬೇಜಾರಾಗುತ್ತಿತ್ತು. ಬೇಜಾರಿನ ಜೊತೆಗೆ ರಾತ್ರಿ ಒಳ್ಳೆಯ ನಿದ್ದೆಯೂ ಬರುತ್ತಿತ್ತು. ಅವನು ನನಗಿಂತ ಚೆನ್ನಾಗಿ ಆಡುತ್ತಾನೆ, ಜೋ. ಮೊದಲಿನಿಂದಲೂ. ಅವನ ಕಾಲೇಜಿನ ಕೋಚು ಅವನನ್ನು ಎರಡು ವರ್ಷ ತಪ್ಪು ಜಾಗದಲ್ಲಿ ಆಡಿಸಿದ, ನನ್ನ ಕೋಚು ಆಡಿಸಲಿಲ್ಲ. ನಮ್ಮಿಬ್ಬರ ನಡುವೆ ಇರುವ ವ್ಯತ್ಯಾಸ ಅಷ್ಟೇ.

ಎರಡು ಕೆಲಸ ಮಾಡು. ಅಣ್ಣನಿಗೆ ಬರೆ, ಬೆನ್ನ ಮೇಲಿನ ಹೆಸರನ್ನು ತೆಗೆಸಲಿ. ಅಮ್ಮನ ತವರಿನ ಹೆಸರು ಹಾಕಿಕೊಳ್ಳಲಿ, ಏನಾದರೂ ಹಾಕಿಕೊಳ್ಳಲಿ. ನನ್ನ ಮಾತು ಕೇಳದಿದ್ದರೂ ನಿನ್ನ ಮಾತು ಕೇಳುತ್ತಾನೆ. ಎರಡನೆಯದು, ಹದಿನೆಂಟರ ಭಾನುವಾರ ಇಲ್ಲಿಗೆ ಬಾ. ಎಲ್ಲರ ಹೆಂಡತಿಯರು, ಅಕ್ಕತಂಗಿಯರು ಗೇಟಿಗೆ ಬಂದು ನಿಲ್ಲುತ್ತಾರೆ. ನನ್ನ ಪಕ್ಕದಲ್ಲಿ ನಮ್ಮ ಮನೆಯವರು ಒಬ್ಬರಾದರೂ ನಿಂತರೆ ಇವರೆಲ್ಲ ನಂಬುತ್ತಾರೆ. ನೀನು ಬಾಯಿ ಬಿಡಬೇಕಾಗಿಲ್ಲ, ನಿಂತರೆ ಸಾಕು.

ಡೆಲ್ಫಿನ್


ಸೇಂಟ್ ಒಡಿಲ್
ಅಕ್ಟೋಬರ್ 11

ಪ್ರೀತಿಯ ಅಣ್ಣ,

ನಿನ್ನ ಪತ್ರವನ್ನು ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ಹಾಸಿಗೆ ಮಾರುವವನ ಮಾತು ಬಂದಾಗ ಅವಳ ತುಟಿ ಅಲುಗಿತು. ನೀನು ಇಬ್ಬರನ್ನು ಕೆಡವಿದ್ದು ಬಂದಾಗ, "ಬೆರಳಿಗೆ ಏನಾಗಿದೆಯಂತೆ?" ಎಂದಳು. ಹಿಂದೆ ಹೋಗಿ ಆ ಸಾಲನ್ನು ಮತ್ತೆ ಓದಿದೆ. ಅವಳು ಅಂದದ್ದು ಅಷ್ಟೇ.

ಇವತ್ತು ಚರ್ಚಿನಲ್ಲಿ ನಡೆದದ್ದನ್ನು ಹೇಳುತ್ತೇನೆ. ನಾನು ಎಂದಿನಂತೆ ಮೊದಲೇ ಹೋಗಿ ನಮ್ಮ ಬೆಂಚಿನಲ್ಲಿ ಕೂತಿದ್ದೆ. ಅಮ್ಮ ಬಂದಳು, ಶಿಲುಬೆಗೆ ತಲೆಬಾಗಿದಳು, ನನ್ನನ್ನು ನೋಡಿದಳು. ಆಮೇಲೆ ನಡೆದುಕೊಂಡು ಹೋಗಿ ಮೂರು ಸಾಲು ಹಿಂದೆ ಕೂತಳು. ನಿನಗೆ ಹೋಗು ಎಂದವಳು ನಾನೆಂದು ಅವಳಿಗೆ ಯಾರು ಹೇಳಿದರೋ! ಪ್ರಾಯಶಃ ಯಾರೂ ಹೇಳಬೇಕಾಗಿರಲಿಲ್ಲ. ಅಡುಗೆಮನೆಯ ಕಿಟಕಿ ಹಿತ್ತಿಲ ಮೆಟ್ಟಿಲ ಮೇಲೇ ಇದೆಯಲ್ಲ.

ನಿಂತು ಹಾಡುವ ಹೊತ್ತಿಗೆ ಹಾಡಿನ ಪುಸ್ತಕ ನನ್ನ ಹತ್ತಿರ ಇಲ್ಲವೆಂದು ಗೊತ್ತಾಯಿತು, ಅದು ಯಾವಾಗಲೂ ಅಮ್ಮನ ಕೈಯಲ್ಲಿರುತ್ತದೆ. ಆಗ ಆಚೆ ಸಾಲಿನಿಂದ ಆಕ್ಟೇವ್‌ನ ಮೊಮ್ಮಗಳು ಫಿಲೋಮೀನ್ ನಡುವಿನ ದಾರಿ ದಾಟಿ ಕೈ ಚಾಚಿದಳು. "ತಗೋ. ನಮ್ಮಜ್ಜನಿಗೆ ಹೇಗೂ ಬಾಯಿಪಾಠ" ಎಂದಳು. ನಾನು ಹುಟ್ಟಿದಂದಿನಿಂದ ಆ ಮನೆಯವರು ನನ್ನ ಜೊತೆ ಮಾತಾಡಿದ್ದು ಅದೇ ಮೊದಲು. ತೆಗೆದುಕೊಂಡೆ. ಹಿಂದಿನಿಂದ ಅಮ್ಮ ಕೆಮ್ಮಿದಳು.

ಊರಿನಲ್ಲಿ ನಿನ್ನದೇ ಮಾತು. ಮೊನ್ನೆ ಕೆಲಸಕ್ಕೆ ಹೋಗುವಾಗ ಕ್ಷೌರದಂಗಡಿಯ ಮುಂದೆ ಇಬ್ಬರು ಜಗಳವಾಡುತ್ತಿದ್ದರು. "ದೊಡ್ಡವನೇ ನಿಜವಾದ ಆಟಗಾರ ಅಂತ ನಾನು ಆಗ್ಲೇ ಹೇಳ್ಲಿಲ್ವಾ?" "ನೀನು ಹೇಳಿದ್ದು ಅವನು ಒಳ್ಳೆ ಡ್ರೈವರ್ ಅಂತ!" ಇನ್ನೊಬ್ಬರು ನನ್ನನ್ನು ನಿಲ್ಲಿಸಿ, "ನೀನು ಕ್ಲೋವಿಸ್‌ನ ತಂಗಿ ಅಲ್ವಾ?" ಎಂದರು. ಹೌದೆಂದೆ. ಖುಷಿಯಾಯಿತು ಅಣ್ಣ, ದೇವರಾಣೆ ಖುಷಿಯಾಯಿತು. ಗ್ರಂಥಾಲಯದ ಬಾಗಿಲು ತೆಗೆಯುವ ಹೊತ್ತಿಗೆ ಆ ಖುಷಿಯ ತಳದಲ್ಲಿ ಹಳೆಯ ಉರಿಯೇ ಕಾಣಿಸಿತು. ಇದುವರೆಗೆ ಡೆಲ್ಫಿನ್‌ನ ಅವಳಿ, ಈಗ ನಿನ್ನ ತಂಗಿ. ಡೆಲ್ಫಿನ್‌ನ ಮೇಲಿನ ಹೊಟ್ಟೆಕಿಚ್ಚಿಗೆ ನಿನ್ನನ್ನು ಕಳಿಸಿದೆ, ಈಗ ನಿನ್ನ ಮೇಲೂ ಅದೇ. ಯಾಕೆ ಹೀಗೆ ಎಂದು ಇಡೀ ದಿನ ಪುಸ್ತಕ ಜೋಡಿಸುತ್ತಾ ಯೋಚಿಸಿದೆ. ನಿಮ್ಮ ಬಲ, ನಿಮ್ಮ ಚಪ್ಪಾಳೆ ನನಗೆ ಬೇಡ. ನೀವು ಏನಾದರೂ ಮಾಡುವಾಗ ಯಾರಾದರೂ ಉಸಿರು ಬಿಗಿಹಿಡಿದು ನೋಡುತ್ತಿರುತ್ತಾರೆ. ನನಗೆ ಬೇಕಾದದ್ದು ಅದು.

ಡೆಲ್ಫಿನ್ ನನಗೆ ಬರೆದಿದ್ದಾನೆ. ನಿನಗೆ ಒಂದು ಮಾತು ಹೇಳಲು ಹೇಳಿದ್ದಾನೆ. ನಾನು ಹೇಳುವುದಿಲ್ಲ.

ಈ ಹೊತ್ತಿಗೆ ನೀನು ಎರಡನೆಯ ಆಟ ಆಡುತ್ತಿರುತ್ತೀಯ. ಅದು ಇಲ್ಲಿಯ ಟಿವಿಯಲ್ಲಿ ಬರುವುದಿಲ್ಲ. ಬೆರಳು ಜೋಪಾನ.

ನಿನ್ನ ಪುಟ್ಟಿ


ಟೊಲೀಡೊ
ಅಕ್ಟೋಬರ್ 12

ಪುಟ್ಟಿ,

ನಿನ್ನೆಯ ಆಟದಲ್ಲಿ ಒಂದು ಸಲ ಕೆಡವಿದೆ, ಇನ್ನೊಂದು ಸ್ವಲ್ಪದರಲ್ಲಿ ತಪ್ಪಿತು. ಇವತ್ತು ಮೈಯೆಲ್ಲ ನೋವು, ಲಾರಿ ಮೈಮೇಲೆ ಹೋದ ಹಾಗೆ.

ಶನಿವಾರ ಮಧ್ಯಾಹ್ನ ಡೆಲ್ ನಮ್ಮ ಹೋಟೆಲಿನ ಕಾರು ನಿಲ್ಲಿಸುವ ಜಾಗಕ್ಕೆ ಬಂದಿದ್ದ. ಯಾರೋ ಹುಡುಕುತ್ತಿದ್ದಾರೆ ಅಂತ ಕೆಳಗಿಳಿದರೆ ಇವನು. ಬಾಡಿಗೆ ಕಾರಿಗೆ ಒರಗಿ ನಿಂತಿದ್ದ, ಕುಂಟುತ್ತಿದ್ದ. ಹೊಡೆದಾಟವಾಗುತ್ತೆ ಅಂದುಕೊಂಡೆ. ನಮ್ಮ ಜೈಲಿನವನು ಮಹಡಿಯ ಮೇಲಿಂದ, "ಬರ್ಲೇನೋ?" ಅಂತ ಕೇಳಿದ. "ಬೇಡ, ಇದು ನಮ್ಮ ಮನೆಯದು" ಅಂದೆ.

"ಮೊಣಕಾಲಿಗೆ ಐಸ್ ಇಡ್ತಿದ್ದೀಯೇನೋ?" ಅಂತ ಕೇಳಿದೆ.

"ನಿನಗ್ಯಾಕೆ ಅದು?" ಅಂದ. ಆಮೇಲೆ ಹತ್ತಿರ ಬಂದು, "ಅಣ್ಣ, ಆ ಹೆಸರು ತೆಗೆಸ್ತೀಯಾ? ನಿನ್ನ ಕಾಲು ಹಿಡ್ಕೋತೀನಿ. ಆಟ ನೀನು ಆಡ್ಕೋ. ಆದ್ರೆ ನನ್ನ ಜನ ನನ್ನನ್ನ ನಂಬ್ತಿಲ್ಲ" ಅಂದ.

ನಾನು ಜಗಳಕ್ಕೆ ಮಾತು ಜೋಡಿಸಿಟ್ಟುಕೊಂಡಿದ್ದೆ ಪುಟ್ಟಿ. ಅದು ಅಪ್ಪನ ಹೆಸರು, ನಿನಗಿಂತ ನಾಲ್ಕು ವರ್ಷ ಮೊದಲು ನನಗೆ ಬಂದ ಹೆಸರು, ಎಂದೆಲ್ಲ. ಆದರೆ ಅವನು ಇಷ್ಟು ವರ್ಷದಲ್ಲಿ ನನ್ನ ಹತ್ತಿರ ಏನನ್ನೂ ಕೇಳಿಲ್ಲ. ಚಿಕ್ಕವನಿದ್ದಾಗ ಮಾತ್ರ "ಇನ್ನೊಂದ್ಸಲ ತೋರ್ಸು ಅಣ್ಣ" ಅಂತ ಕೇಳುತ್ತಿದ್ದ. ದೊಡ್ಡವನಾದ ಮೇಲೆ ಕೊಡುತ್ತಿದ್ದವನೇ ಅವನು. ಸರಿ ಅಂದೆ. ಆ ಮುದುಕನ ಹತ್ತಿರ ಬ್ಲೇಡು ಇಸಿದುಕೊಂಡು ನಾನೇ ಹೊಲಿಗೆ ಬಿಡಿಸಿದೆ. ಬೇರೆ ಯಾರ ಹೆಸರೂ ಹಾಕಿಕೊಳ್ಳಲಿಲ್ಲ. ಬೆನ್ನು ಖಾಲಿ.

ನಿನ್ನೆ ಎಸೆಯುವವನನ್ನು ಕೆಡವಿ ಎದ್ದಾಗ ಧ್ವನಿವರ್ಧಕದವನು "ತೊಂಬತ್ತೊಂದನೇ ನಂಬರು" ಅಂದು ಸುಮ್ಮನಾದ. ಜನ ಚಪ್ಪಾಳೆ ತಟ್ಟಿದರು, ಯಾರಿಗೆ ಅಂತ ಅವರಿಗೆ ಗೊತ್ತಿರಲಿಲ್ಲ. ನಾನು ಮೇಲೆ ನೋಡಿದೆ, ಸುಮ್ಮನೆ, ಪರಿಚಯದ ಮುಖ ಹುಡುಕುವ ಹಾಗೆ. ಇಲ್ಲಿ ಯಾರಿರುತ್ತಾರೆ? ಮೊದಲನೇ ದಿನ ಹೆಸರು ಅವನದು, ನಿನ್ನೆ ಹೆಸರೇ ಇಲ್ಲ. ನಾನು ಚೆನ್ನಾಗಿ ಆಡಬಲ್ಲೆ ಅಂತ ನನಗೇನೋ ಗೊತ್ತಾಯಿತು. ಗೊತ್ತಾಗಿದ್ದು ನನಗೊಬ್ಬನಿಗೇ. ಕನಸಿನಲ್ಲಿ ಗೆದ್ದ ಹಾಗೆ.

ಮುಷ್ಕರ ಇನ್ನು ಹೆಚ್ಚು ದಿನ ಇರಲ್ಲ ಅಂತಾರೆ. ಹದಿನೆಂಟರ ಭಾನುವಾರದ ಆಟ ಮಾತ್ರ ನಮಗೇ ಅಂತ ಹೇಳಿದ್ದಾರೆ. ಅದೇ ಕೊನೆ. ಆಮೇಲೆ ನಾನು ವಾಪಸ್, ಕಬ್ಬು ಕಡಿಯುವ ಕಾಲ, ಲಾರಿಗೆ ಜನ ಬೇಕು. ನಿನ್ನ ಹೆಸರಲ್ಲಿ ಒಂದು ಟಿಕೆಟ್ ಕಿಟಕಿಯಲ್ಲಿ ಇಡಿಸಿದ್ದೇನೆ. ಬಾ ಅಂತ ಹೇಳುತ್ತಿಲ್ಲ. ಬಂದರೆ ಡೆಲ್‌ನ ಎದುರೇ ಹಾದು ಬರಬೇಕು, ಬೇರೆ ದಾರಿ ಇಲ್ಲ. ಟಿಕೆಟ್ ಇದೆ ಅಂತ ಹೇಳಿದೆ, ಅಷ್ಟೇ.

ಅಣ್ಣ


ಸೇಂಟ್ ಒಡಿಲ್, ಬಸ್ ನಿಲ್ದಾಣ
ಅಕ್ಟೋಬರ್ 16

ಡೆಲ್ಫಿನ್,

ಇಲ್ಲಿಯ ಅಂಚೆ ನಿನಗೆ ಸೋಮವಾರಕ್ಕೆ ಮೊದಲು ತಲುಪುವುದಿಲ್ಲ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ. ನೀನು ಇದನ್ನು ಓದುವಾಗ ಭಾನುವಾರ ನಾನೇನು ಮಾಡಿದೆ ಎಂಬುದು ನಿನಗೆ ಗೊತ್ತಿರುತ್ತದೆ.

ನೀನು ಬಾ ಎಂದೆ. ಅಣ್ಣನೂ ಒಂದು ಟಿಕೆಟ್ ಇಟ್ಟಿದ್ದಾನೆ. ನಿಮ್ಮಿಬ್ಬರಿಗೂ ಒಂದೇ ಸಲ ನಾನು ಬೇಕಾದದ್ದು ನನ್ನ ನೆನಪಿನಲ್ಲಿ ಇದೇ ಮೊದಲು. ಎರಡು ದಿನ ಆ ಸುಖವನ್ನು ಬೆಲ್ಲದ ತುಂಡಿನಂತೆ ಬಾಯಲ್ಲಿಟ್ಟುಕೊಂಡು ಓಡಾಡಿದೆ. ನಾಚಿಕೆಯಾಗುತ್ತದೆ, ಆದರೆ ನಿಜ.

ಬೆಳಿಗ್ಗೆ ಅಮ್ಮ ನಾನು ಚೀಲ ತುಂಬುವುದನ್ನು ಬಾಗಿಲಲ್ಲಿ ನಿಂತು ನೋಡಿದಳು.

"ಯಾವ ಮಗನ ಹತ್ರ ಹೋಗ್ತಿದ್ದೀಯ?"

"ಟೊಲೀಡೊಗೆ ಹೋಗ್ತಿದ್ದೀನಿ ಅಮ್ಮ."

"ಊರು ಕೇಳ್ಲಿಲ್ಲ ನಾನು."

"ಗೊತ್ತು."

ಅವಳು ಒಳಗೆ ಹೋದಳು. ಬಸ್ಸಿಗೆ ಹೊತ್ತಾಯಿತೆಂದು ನಾನು ಮೆಟ್ಟಿಲಿಳಿದಾಗ ಹಿಂದಿನಿಂದ, "ಅಲ್ಲಿ ಚಳಿ. ಕೋಟು ತಗೊಂಡೆಯಾ?" ಎಂದಳು. ಹೋಗಬೇಡ ಎನ್ನಲಿಲ್ಲ. ಗೇಟಿನ ಯಾವ ಕಡೆ ಎಂದು ಕೇಳಲೂ ಇಲ್ಲ.

ಡೆಲ್, ಹಲ್ವೋರ್ಸನ್‌ನ ಭುಜದ ಬಗ್ಗೆ ನೀನು ಬರೆದದ್ದನ್ನು ನಾನು ಮರೆತಿಲ್ಲ. ನೀನು ನಿಂತಿರುವುದು ಸರಿಯಾದ ಜಾಗದಲ್ಲಿ. ಅಪ್ಪನೂ ಅಲ್ಲೇ ನಿಲ್ಲುತ್ತಿದ್ದರು. ನಿನ್ನ ಪಕ್ಕ ನಿಲ್ಲುವುದು ನನಗೆ ಸುಲಭ ಕೂಡ, ನೀನೇ ಬರೆದಂತೆ ಬಾಯಿ ಬಿಡಬೇಕಾಗಿಲ್ಲ, ನಿಂತರೆ ಸಾಕು. ನನಗೆ ಚೆನ್ನಾಗಿ ಬರುವ ಕೆಲಸ ಅದೊಂದೇ.

ಆದರೆ ನಿನ್ನ ಆಟವನ್ನು ಎಷ್ಟು ಜನ ನೋಡಿದ್ದಾರೆ! ನಿನ್ನ ಮೊದಲ ವರ್ಷದ ಆಟ, ಮಂಜಿನಲ್ಲಿ ಆಡಿದ್ದು, ಮುರಿದ ಹೆಬ್ಬೆರಳಿಟ್ಟುಕೊಂಡು ಆಡಿದ್ದು, ಯಾವುದೂ ಯಾರ ಕಣ್ಣಿಗೂ ಬೀಳದೆ ಹೋಗಿಲ್ಲ. ಮುಂದೆಯೂ ನೋಡುತ್ತಾರೆ. ಮೊಣಕಾಲು ತಾಳಿದರೆ ಇನ್ನು ಹತ್ತು ವರ್ಷ ನೋಡುತ್ತಾರೆ. ಅಣ್ಣನದು ಇನ್ನೊಂದೇ ಆಟ. ಮೇಲಿನಿಂದ ಅವನನ್ನು ನೋಡುವವರಲ್ಲಿ ಅವನ ಎಡಗೈ ಮೊದಲು ಅಲುಗುತ್ತದೆಂದು ತಿಳಿದವರು ಒಬ್ಬರೂ ಇಲ್ಲ. ನನಗೆ ತಿಳಿದಿದೆ. ಮೆಟ್ಟಿಲ ಮೇಲೆ ಕೂತು ಅಷ್ಟು ವರ್ಷ ನಾನು ನೋಡಿದ್ದು ಅವನನ್ನೇ, ನಿನ್ನನ್ನಲ್ಲ. ನಿನ್ನ ಮೇಲೆ ಉರಿದುಕೊಳ್ಳುವುದರಲ್ಲೇ ಮುಳುಗಿ ಅದು ನನಗೆ ಇಲ್ಲಿಯವರೆಗೆ ತೋಚಿರಲಿಲ್ಲ.

ಹೊಟ್ಟೆಕಿಚ್ಚು ಹೋಯಿತೆಂದು ಬರೆಯುವುದಿಲ್ಲ. ನಿಲ್ದಾಣದ ಗೋಡೆಯ ಮೇಲೂ ನಿನ್ನ ಸೋಡಾ ಜಾಹೀರಾತು ಇದೆ, ಅದಕ್ಕೆ ಬೆನ್ನು ಹಾಕಿ ಕೂತು ಬರೆಯುತ್ತಿದ್ದೇನೆ.

ಬಸ್ಸು ಬಂತು. ನಿರ್ವಾಹಕ ಚೀಲ ಕೇಳುತ್ತಿದ್ದಾನೆ.

ಭಾನುವಾರ ನಿಮ್ಮ ಗೇಟಿಗೆ ಬರುತ್ತೇನೆ. ಜನರ ನಡುವೆ ನುಸುಳಿ ಬರುವುದಿಲ್ಲ, ಮುಖ ಮುಚ್ಚಿಕೊಳ್ಳುವುದಿಲ್ಲ. ನಿನ್ನ ಎದುರಿಗೇ ಬಂದು, ನಿನ್ನ ಕಣ್ಣು ನೋಡಿ, ನಿನ್ನನ್ನು ದಾಟಿ ಒಳಗೆ ಹೋಗುತ್ತೇನೆ. ನೀನು ಕೂಗಿದರೆ ಕೂಗಿಸಿಕೊಳ್ಳುತ್ತೇನೆ.

ಜೋಸೆಟ್